ಥೈರಾಕ್ಸಿನ್ ಮಾತ್ರೆಗೆ ಪ್ರತಿ ತಿಂಗಳು ಜಿಪಿ (ಫ್ಯಾಮಿಲಿ ಡಾಕ್ಟರ್) ನೋಡಬೇಕಾ?

ಇಂಗ್ಲೆಂಡಿನ ಲೆಸ್ಟರ್‌ಗೆ ಹೊಸಬರು, ಥೈರಾಕ್ಸಿನ್‌ಗೆ (ಥೈರಾಯ್ಡ್ ಕಡಿಮೆ ಇರುವವರ ಮಾತ್ರೆ) ಪ್ರತಿ ಸಲ ಅಪಾಯಿಂಟ್‌ಮೆಂಟ್ ಬೇಕಾ ಅಂತ ಕೇಳಿದ್ದೀರಿ ಅಲ್ವಾ, ಬೇಡ. ಜಿಪಿ ಒಮ್ಮೆ ರಿಪೀಟ್ ಪಟ್ಟಿಗೆ (ಡಾಕ್ಟರನ್ನು ನೋಡದೆ ಮತ್ತೆ ಮತ್ತೆ ಕೇಳಬಹುದಾದ ಔಷಧಿಗಳ ಪಟ್ಟಿ) ಸೇರಿಸಿದರೆ ಸಾಕು. ಆಮೇಲೆ ಎನ್‌ಎಚ್‌ಎಸ್ (ಅಲ್ಲಿನ ಸರ್ಕಾರಿ ಆರೋಗ್ಯ ಸೇವೆ) ಆ್ಯಪ್‌ನಲ್ಲಿ ಕೇಳಿ, ಇಲ್ಲವೇ ಹಿಂದಿನ ಚೀಟಿಯ ಬಲಗಡೆ ತುಂಡಿನಲ್ಲಿ ಮಾತ್ರೆ ಹೆಸರಿನ ಪಕ್ಕ ಟಿಕ್ ಹಾಕಿ ಸರ್ಜರಿಯಲ್ಲಿ (ಅಂದರೆ ಜಿಪಿ ಕ್ಲಿನಿಕ್‌ನಲ್ಲಿ) ಕೊಡಿ. ಸುಮ್ನೆ ಫೋನ್ ಮಾಡಬೇಡಿ, ಬಹಳ ಕಡೆ ಫೋನ್‌ನಲ್ಲಿ ಆರ್ಡರ್ ತೆಗೆದುಕೊಳ್ಳುವುದಿಲ್ಲ. ಮನೆ ಹತ್ತಿರದ ಫಾರ್ಮಸಿಯನ್ನು ಆ್ಯಪ್‌ನಲ್ಲೇ ಆರಿಸಿಟ್ಟರೆ ಚೀಟಿ ನೇರ ಅಲ್ಲಿಗೇ ಹೋಗುತ್ತದೆ. ಸರ್ಜರಿಗೇ ಸಾಮಾನ್ಯವಾಗಿ 2 ಕೆಲಸದ ದಿನ ಬೇಕು, ಫಾರ್ಮಸಿಯದ್ದು ಬೇರೆ, ಹಾಗಾಗಿ ವಾರಕ್ಕಾಗುವಷ್ಟು ಮಾತ್ರೆ ಉಳಿದಿರುವಾಗಲೇ ಕೇಳಿಬಿಡಿ.

ಅಂದಹಾಗೆ, ಥೈರಾಕ್ಸಿನ್ ತೆಗೆದುಕೊಳ್ಳುವವರು ದುಡ್ಡು ಕೊಡಬೇಕಿಲ್ಲ! ಸರ್ಜರಿಯಲ್ಲಿ ಎಫ್‌ಪಿ92ಎ ಫಾರ್ಮ್ (ಔಷಧಿ ಶುಲ್ಕ ವಿನಾಯಿತಿಯ ಅರ್ಜಿ) ಕೇಳಿ ತುಂಬಿ, ಸರ್ಟಿಫಿಕೇಟ್ ಬಂದರೆ ಬೇರೆ ಔಷಧಿಗಳೂ ಫ್ರೀ. ಅಲ್ಲಿಯವರೆಗೆ ದುಡ್ಡು ಕೊಡುವಾಗಲೇ ಎಫ್‌ಪಿ57 ರಸೀದಿ (ದುಡ್ಡು ವಾಪಸ್ ಪಡೆಯಲು ಬೇಕಾದದ್ದು) ಕೇಳಿ, ಆಮೇಲೆ ಕೇಳಿದರೆ ಕೊಡುವುದಿಲ್ಲ.