ಬೀಜದ ಹೋರಿ ಕೊಳ್ಳುವ ಮುಂಚೆ ಅದರ ತಾಯಿಯನ್ನು ನೋಡಿ ಬನ್ನಿ

ಪ್ರಶ್ನೆ: ನಮ್ಮದು ಕುಣಿಗಲ್ ಕಡೆಯ ಹಳ್ಳಿ. ಹನ್ನೊಂದು ಮನೆಗಳಿಂದ 28 ಹಳ್ಳಿಕಾರ್ ಹಸುಗಳಿವೆ. ಎಲ್ಲರೂ ದುಡ್ಡು ಹಾಕಿ ಒಂದು ಬೀಜದ ಹೋರಿ ತರಬೇಕು ಅಂತಿದ್ದೇವೆ. ಒಬ್ಬರು ಮೈಮೇಲಿನ ಕೂದಲ ಸುಳಿ ನೋಡಿ ಅನ್ನುತ್ತಾರೆ, ಇನ್ನೊಬ್ಬರು ಕೊಂಬು ನೋಡಿ ಅನ್ನುತ್ತಾರೆ. ಜಾತ್ರೆಯಲ್ಲಿ ಕೊಳ್ಳುವುದು ಒಳ್ಳೆಯದಾ? ನಮ್ಮ ಹಳೇ ಹೋರಿಗೆ ಹುಟ್ಟಿದ ಒಂದು ಚೆಂದದ ಹೋರಿಗರು ಊರಲ್ಲೇ ಇದೆ. ಅದನ್ನೇ ಬೆಳೆಸಿದರೆ ಆಗದಾ?

ಉತ್ತರ: ಕೊನೆಯ ಮಾತಿಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಆ ಹೋರಿಗರು ನಿಮ್ಮ ಊರಿಗೆ ಬೇಡ. ಈಗ ಬೆದೆಗೆ ಬರುತ್ತಿರುವ ಮಣಕಗಳಲ್ಲಿ (ಇನ್ನೂ ಕರು ಹಾಕದ ಎಳೆಯ ಹಸುಗಳಲ್ಲಿ) ಬಹಳಷ್ಟು ಅದೇ ಹಳೇ ಹೋರಿಯ ಮಕ್ಕಳು, ಅಲ್ವಾ? ಅಂದರೆ ಈ ಹೋರಿಗರು ಅವಕ್ಕೆ ತಮ್ಮ. ಹೀಗೆ ರಕ್ತ ಹತ್ತಿರವಾದರೆ ಕರುಗಳು ಬಡಕಲಾಗುತ್ತವೆ, ಮುಂದೆ ಗಬ್ಬ ನಿಲ್ಲುವುದೂ ತಡವಾಗುತ್ತದೆ. ಒಂದೇ ತಲೆಮಾರಿನಲ್ಲಿ ಇದು ಎದ್ದು ಕಾಣದೇ ಇರಬಹುದು. ಹಾಗಾಗಿಯೇ ಜನ ಮೋಸ ಹೋಗುತ್ತಾರೆ.

ಆದರೆ ಅದರ ಬೀಜ ಒಡೆಸಬೇಡಿ. ಇದನ್ನು ಕೈಮುಗಿದು ಕೇಳುತ್ತೇನೆ. ನಮ್ಮ ಕಡೆ ಏನಾಗುತ್ತಿದೆ ನೋಡಿ. ಚೆನ್ನಾಗಿರುವ ಹೋರಿಗರುಗಳನ್ನೆಲ್ಲ ಜೋಡಿ ಮಾಡಿ, ಬೀಜ ಒಡೆಸಿ, ಎತ್ತುಗಳಾಗಿ ಮಾರುತ್ತೇವೆ. ಯಾರೂ ಕೇಳದೆ ಉಳಿದದ್ದು ಬೀದಿಯಲ್ಲಿ ತಿರುಗಿ ಊರಿನ ಕರುಗಳಿಗೆಲ್ಲ ತಂದೆಯಾಗುತ್ತದೆ. ತಳಿ ಸಣ್ಣಗಾಗುತ್ತಿದೆ ಎಂದು ಕೊರಗುವ ನಾವೇ ಹೀಗೆ ಮಾಡುತ್ತಿದ್ದೇವೆ. ನಿಮ್ಮ ಹೋರಿಗರು ಅಷ್ಟು ಚೆನ್ನಾಗಿದ್ದರೆ ಬೇರೆ ಊರಿನವರಿಗೆ ಬೀಜಕ್ಕೆ ಕೊಡಿ. ಅವರಲ್ಲಿ ಒಳ್ಳೆಯದಿದ್ದರೆ ಬದಲಿಗೆ ಅದನ್ನು ತನ್ನಿ.

ಹೋರಿಯ ಮೇಲೆ ಇಷ್ಟು ಯೋಚನೆ ಯಾಕೆ ಅಂದರೆ, ಒಂದು ಹಸುವಿನ ಗುಣ ಅದರ ಹೊಟ್ಟೆಯ ಕರುವಿಗೆ ಮಾತ್ರ. ಹೋರಿಯದ್ದು ಊರಿನ ಎಲ್ಲ ಕರುಗಳಿಗೂ ಅರ್ಧ ಪಾಲು. ಮೂರು ತಲೆಮಾರು ಹೊರಗಿನ ಹೋರಿ ತಂದು ಹೆಣ್ಣುಕರುಗಳನ್ನು ಉಳಿಸಿಕೊಂಡರೆ, ಆಗ ಹುಟ್ಟುವ ಕರುವಿನಲ್ಲಿ ಎಂಟರಲ್ಲಿ ಏಳು ಪಾಲು ಆ ಮೂರು ಹೋರಿಗಳದ್ದೇ.

ಜಾತ್ರೆಗೆ ಖಂಡಿತ ಹೋಗಿ. ಘಾಟಿ ಸುಬ್ರಹ್ಮಣ್ಯ, ಸಿದ್ಧಗಂಗೆ ಜಾತ್ರೆಗಳಲ್ಲಿ ನೋಡಲು ಸಿಗುವಷ್ಟು ಹಳ್ಳಿಕಾರ್ ಹೋರಿಗಳು ಬೇರೆಲ್ಲಿ ಒಟ್ಟಿಗೆ ಸಿಗುತ್ತವೆ? ಆದರೆ ಅಲ್ಲೇ ಹಗ್ಗ ಕೈಗೆ ತೆಗೆದುಕೊಳ್ಳಬೇಡಿ. ಯಾವ ಊರು, ಯಾರ ಮನೆ ಎಂದು ಕೇಳಿಕೊಂಡು ಬನ್ನಿ. ವಾರ ಬಿಟ್ಟು ಆ ಮನೆಗೆ ಹೋಗಿ ತಾಯಿಯನ್ನು ನೋಡಿ. ಎಷ್ಟು ಕರು ಹಾಕಿದೆ? ಕರುವಿಂದ ಕರುವಿಗೆ ಎಷ್ಟು ತಿಂಗಳು? ಕರು ಹೊಟ್ಟೆ ತುಂಬ ಕುಡಿದ ಮೇಲೆ ಮನೆಗೂ ಒಂದಿಷ್ಟು ಹಾಲು ಉಳಿಯುತ್ತದಾ? ಹೆಂಗಸರು, ಮಕ್ಕಳು ಹತ್ತಿರ ಹೋದರೆ ಹಾಯುತ್ತದಾ? ಅದೇ ಹಸುವಿನ ಹಿಂದಿನ ಗಂಡುಕರುಗಳು ಉಳುಮೆಯಲ್ಲಿ ಹೇಗಿವೆ ಎಂದೂ ವಿಚಾರಿಸಿ. ಸಿಂಗಾರ ಮಾಡಿ ನಿಲ್ಲಿಸಿದ ಹೋರಿ ಇದ್ಯಾವುದನ್ನೂ ನಿಮಗೆ ಹೇಳುವುದಿಲ್ಲ.

ಇನ್ನು ತಳಿಯ ಲಕ್ಷಣ. ಉದ್ದ ಮುಖ, ಹಣೆಯ ನಡುವೆ ಗೀರಿದಂಥ ತಗ್ಗು, ನೆತ್ತಿಯಲ್ಲಿ ಹತ್ತಿರ ಹತ್ತಿರ ಹುಟ್ಟಿ ಹಿಂದಕ್ಕೆ ಬಾಗಿ ತುದಿ ಮುಂದಕ್ಕೆ ಬರುವ ಕೊಂಬು, ಬೂದು ಬಣ್ಣ. ಇದು ನನಗಿಂತ ನಿಮ್ಮ ಹಿರಿಯರಿಗೆ ಚೆನ್ನಾಗಿ ಗೊತ್ತು. ಸುಳಿಯಿಂದ ಹೋರಿಯ ಬೀಜಶಕ್ತಿ ಗೊತ್ತಾಗುವುದಿಲ್ಲ. ಆದರೆ ನಾಳೆ ನಿಮ್ಮ ಕರು ಕೊಳ್ಳುವವರೂ ಸುಳಿ ನೋಡಿಯೇ ಬೆಲೆ ಕಟ್ಟುತ್ತಾರೆ. ಉಳಿದದ್ದೆಲ್ಲ ಸಮವಿದ್ದಾಗ ಒಳ್ಳೆಯ ಸುಳಿಯದ್ದನ್ನೇ ಆರಿಸಿ. ಅದಕ್ಕಾಗಿ ಕಾಲು ಸರಿಯಿಲ್ಲದ ಹೋರಿ ತರಬೇಡಿ.

ಕಾಲಿನ ಮಾತು ದೊಡ್ಡದು. ಹಸುವಿನ ಮೇಲೆ ಹಾರುವಾಗ ಹೋರಿಯ ಭಾರವೆಲ್ಲ ಹಿಂಗಾಲಿನ ಮೇಲೆ ಬೀಳುತ್ತದೆ. ಗಟ್ಟಿ ನೆಲದ ಮೇಲೆ ಬಿಚ್ಚಿ ನಡೆಸಿ, ಪಕ್ಕದಿಂದಲೂ ಹಿಂದಿನಿಂದಲೂ ನೋಡಿ. ಮಂಡಿ ಬಾತಿದ್ದರೆ, ಗೊರಸು ಅಂಕುಡೊಂಕಾಗಿ ಬೆಳೆದಿದ್ದರೆ ಬಿಟ್ಟುಬಿಡಿ.

ಬೀಜ (ವೃಷಣ) ಎರಡೂ ಇಳಿದಿರಬೇಕು, ಹೆಚ್ಚುಕಡಿಮೆ ಒಂದೇ ಗಾತ್ರ ಇರಬೇಕು, ಮುಟ್ಟಿದರೆ ಗಟ್ಟಿಯಾಗಿ ಪುಟಿಯಬೇಕು. ಒಂದೇ ಬೀಜ ಇಳಿದ ಹೋರಿ ಬೇಡ. ಆ ದೋಷ ಕರುಗಳಿಗೂ ಹೋಗಬಹುದು. ಜಾತ್ರೆಗೆಂದು ಹುರುಳಿ, ಬೆಣ್ಣೆ ತಿನ್ನಿಸಿ ಕೊಬ್ಬಿಸಿದ ಹೋರಿ ಬಗ್ಗೆ ಜಾಸ್ತಿ ಎಚ್ಚರ ಬೇಕು. ಬೀಜ ದೇಹಕ್ಕಿಂತ ತಣ್ಣಗಿದ್ದರೆ ಮಾತ್ರ ಒಳ್ಳೆಯ ವೀರ್ಯ. ಬೀಜದ ಚೀಲದ ಮೇಲ್ಭಾಗದಲ್ಲಿ ಕೊಬ್ಬು ತುಂಬಿದರೆ ಆ ತಂಪು ಹೋಗುತ್ತದೆ.

ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಊರಿನವರು ಬಹುಮಾನ ಗೆದ್ದ ಹೋರಿ ತಂದಿದ್ದರು. ನೋಡಲು ಬಹಳ ಚೆಂದ. ನಾನೂ ನೋಡಿ ಭೇಷ್ ಅಂದೆ. ಆಮೇಲೆ ಹಸುಗಳೆಲ್ಲ 21 ದಿನಕ್ಕೊಮ್ಮೆ ಮತ್ತೆ ಮತ್ತೆ ಬೆದೆಗೆ ಬಂದವು. ವೀರ್ಯ ಪರೀಕ್ಷೆ ಮಾಡಿಸುವ ಹೊತ್ತಿಗೆ ಎಂಟು ತಿಂಗಳು ಕಳೆದಿತ್ತು. ಮೊದಲೇ ಪರೀಕ್ಷೆ ಮಾಡಿಸಿ ಎಂದು ನಾನು ಹೇಳಲಿಲ್ಲವಲ್ಲ ಎಂಬ ನೋವು ಈಗಲೂ ಇದೆ. ಅದಕ್ಕೇ ನಿಮಗೆ ಹೇಳುತ್ತಿದ್ದೇನೆ: ದುಡ್ಡು ಪೂರ್ತಿ ಕೊಡುವ ಮುಂಚೆ ಪಶುವೈದ್ಯರನ್ನು ಕರೆದುಕೊಂಡು ಹೋಗಿ. ವೀರ್ಯ ನೋಡಲಿ, ಕಂದು ರೋಗಕ್ಕೆ ರಕ್ತಪರೀಕ್ಷೆಯೂ ಆಗಲಿ. ಬ್ರುಸೆಲ್ಲಾ ಅನ್ನುವುದು ಇದನ್ನೇ. ಹಸು ಕಂದು ಹಾಕುತ್ತದೆ, ಅಂದರೆ ದಿನ ತುಂಬುವ ಮೊದಲೇ ಗಬ್ಬ ಬಿದ್ದುಹೋಗುತ್ತದೆ, ಮನುಷ್ಯರಿಗೂ ಅಂಟುತ್ತದೆ. ಇದರ ಲಸಿಕೆ 4ರಿಂದ 8 ತಿಂಗಳ ಹೆಣ್ಣುಕರುಗಳಿಗೆ ಮಾತ್ರ. ಹೋರಿಗೆ ಹಾಕಿಸುವ ಹಾಗಿಲ್ಲ, ಪರೀಕ್ಷೆಯೊಂದೇ ದಾರಿ.

ತಂದ ಮೇಲೆ ಒಂದು ತಿಂಗಳು ಬೇರೆ ಕಟ್ಟಿ. ಜ್ವರ ಬಂದು ಹೋಗಿದ್ದರೆ ಇನ್ನೂ ಸ್ವಲ್ಪ ಕಾಯಿರಿ. ಹೊಸ ವೀರ್ಯ ತಯಾರಾಗಲು ಸುಮಾರು ಎರಡು ತಿಂಗಳು ಬೇಕು. ಎರಡೇ ಹಲ್ಲು ಬದಲಾದ ಎಳೆಯ ಹೋರಿಗೆ ಮೊದಲ ವರ್ಷ ಹತ್ತು ಹದಿನೈದು ಹಸು ಸಾಕು. ಉಳಿದವಕ್ಕೆ ಪಶು ಆಸ್ಪತ್ರೆಯಲ್ಲಿ ಹಳ್ಳಿಕಾರ್ ಬೀಜದ ಕಡ್ಡಿಯೇ (ಕೃತಕ ಗರ್ಭಧಾರಣೆಯ ವೀರ್ಯ) ಬೇಕೆಂದು ಕೇಳಿ ಹಾಕಿಸಿ. ಬಾಯಿಗೂಡಿದ, ಅಂದರೆ ಹಲ್ಲೆಲ್ಲ ಬದಲಾದ ಹೋರಿಯಾದರೆ 28ನ್ನೂ ನಿಭಾಯಿಸುತ್ತದೆ. ಮೂರು ವರ್ಷ ಆಗುವಷ್ಟರಲ್ಲಿ ಅದರ ಹೆಣ್ಣುಮಕ್ಕಳು ಬೆದೆಗೆ ಬರುತ್ತವೆ. ಆಗ ಎಷ್ಟೇ ಪ್ರೀತಿಯ ಹೋರಿಯಾದರೂ ಬದಲಾಯಿಸಿ.

ಪ್ರಶ್ನೆ: ನಾನು ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಲ್ಲಿ ಮಾಂಸದ ದನಗಳ ಫಾರ್ಮಿನಲ್ಲಿ ಕೆಲಸ ಮಾಡುತ್ತೇನೆ. ಊರು ಹಾಸನ. ಇಲ್ಲಿ ಬ್ರಾಹ್ಮನ್ ಹೋರಿ ಕೊಳ್ಳುವಾಗ ಮೊದಲು ಅಂಕಿ ನೋಡುತ್ತಾರೆ. ನಮ್ಮೂರಲ್ಲಿ ಇದು ಸಾಧ್ಯವಾ?

ಉತ್ತರ: ಅಲ್ಲಿ ಬ್ರೀಡ್‌ಪ್ಲಾನ್ ಎಂಬ ಲೆಕ್ಕ ನಡೆಯುತ್ತದೆ. ಹುಟ್ಟಿದಾಗಿನ ತೂಕ, 200, 400, 600 ದಿನದ ತೂಕ, ಹೆಣ್ಣುಮಕ್ಕಳು ಎಷ್ಟು ಬೇಗ ಕರು ಹಾಕುತ್ತವೆ, ಇದನ್ನೆಲ್ಲ ಹೋರಿಯ ಬಂಧುಬಳಗದಿಂದಲೂ ಸೇರಿಸಿ ಅಂದಾಜು ಕಟ್ಟುತ್ತಾರೆ. ಮಾಂಸಕ್ಕೆ ಸಾಕುವವರಿಗೆ ತೂಕ ಜಾಸ್ತಿ ಬೇಕು. ಆದರೆ ಹುಟ್ಟುವಾಗಲೇ ಕರು ದಪ್ಪವಾದರೆ ಮಣಕ ಹೆರಲಾರದೆ ಒದ್ದಾಡುತ್ತದೆ. ಹಾಗಾಗಿ ಮಣಕಗಳಿಗೆ ಸಣ್ಣ ಕರು ಕೊಡುವ ಹೋರಿಯನ್ನೇ ಆರಿಸುತ್ತಾರೆ. ಅಂದಹಾಗೆ, ನೀವು ನೋಡಿಕೊಳ್ಳುವ ಬ್ರಾಹ್ಮನ್ ದನ ಅಮೆರಿಕದಲ್ಲಿ ನಮ್ಮ ದೇಶದ ದನಗಳಿಂದಲೇ ಕಟ್ಟಿದ ತಳಿ. ಗಿರ್, ಓಂಗೋಲ್ ಜೊತೆ ಉತ್ತರ ಕರ್ನಾಟಕದ ಕೃಷ್ಣಾ ಕಣಿವೆ ದನದ ರಕ್ತವೂ ಅದರಲ್ಲಿದೆ.

ನಮಗೆ ಬೇಕಾದ್ದು ಬೇರೆ. ಉಳುಮೆಯ ಚುರುಕು, ವರ್ಷ ವರ್ಷ ಗಬ್ಬ ನಿಲ್ಲುವುದು, ಗಟ್ಟಿ ಕಾಲು. ಇದಕ್ಕೆ ಕಂಪ್ಯೂಟರ್ ಬೇಕಿಲ್ಲ. ಊರಿಗೊಂದು ನೂರು ಪುಟದ ನೋಟ್‌ಬುಕ್ ಸಾಕು. ಯಾವ ಹಸು, ಯಾವ ಹೋರಿ, ಹಾರಿದ ದಿನ, ಕರು ಹಾಕಿದ ದಿನ. ಕರು ಆರು ತಿಂಗಳಿದ್ದಾಗ ಟೇಪು ಹಿಡಿದು ಎದೆಯ ಸುತ್ತಳತೆ ಬರೆದಿಡಿ. ಮೇಲಿನ ಪ್ರಶ್ನೆ ಕೇಳಿದ ಕುಣಿಗಲ್ ಕಡೆಯವರಿಗೂ ಇದೇ ಮಾತು. ಹೋರಿ ಬರುವ ಮೊದಲೇ ನೋಟ್‌ಬುಕ್ ತಂದು 28 ಹಸುಗಳ ಹೆಸರೂ ಅವುಗಳ ತಂದೆ ಯಾವುದೆಂದೂ ಬರೆಸಿಡಿ. ಡೈರಿಗೆ ಹಾಲು ಹಾಕಲು ಎಲ್ಲರೂ ಬರುವ ಹೊತ್ತಿಗೆ ಕೂತರೆ ಒಂದು ಸಂಜೆಯ ಕೆಲಸ.