ಮೇಷ್ಟ್ರೇ, ಯಾವುದು ಬೇಡ ಅಂತಲೂ ಬರೆಯಿರಿ

ಮೇಷ್ಟ್ರಿಗೆ ನಮಸ್ಕಾರ.

‘ಪಕ್ಷಿಪ್ರಿಯರಿಗೆ ಪುಸ್ತಕ, ಸಿನಿಮಾ, ದುರ್ಬೀನು’ ಲೇಖನ ತಲುಪಿದೆ. ಈಗಿರುವ ರೂಪದಲ್ಲಿ ಅದನ್ನು ಹಾಕಲು ಆಗುವುದಿಲ್ಲ. ತಿದ್ದಿ ಕಳಿಸಿದರೆ ಹಾಕುತ್ತೇವೆ. ಏನು ತಿದ್ದಬೇಕು ಅಂತ ಸ್ವಲ್ಪ ಉದ್ದಕ್ಕೇ ಬರೆಯುತ್ತಿದ್ದೇನೆ. ಉತ್ತರವನ್ನು ಪತ್ರಿಕೆಯಲ್ಲೇ ಕೊಡಿ ಅಂತ ನೀವೇ ಹೇಳಿದ್ದರಿಂದ ಮುಚ್ಚುಮರೆ ಇಲ್ಲ.

ಓದುಗರಿಗೆ ಎರಡು ಮಾತು. ಬರೆದವರು ಮದ್ದೂರು ಕಡೆಯ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಹೇಳಿಕೊಡುತ್ತಾರೆ. ಹೊಸದಾಗಿ ಹಕ್ಕಿ ನೋಡಲು ಶುರು ಮಾಡುವವರು ಏನು ಓದಬೇಕು, ಏನು ನೋಡಬೇಕು, ಏನು ಕೊಳ್ಳಬೇಕು ಅಂತ ತಿಳಿಸಲು ಹನ್ನೊಂದು ಪುಸ್ತಕ, ಒಂಬತ್ತು ಸಿನಿಮಾ, ಹದಿನಾಲ್ಕು ದುರ್ಬೀನುಗಳ ಹೆಸರು ಕೊಟ್ಟಿದ್ದಾರೆ. ಎಲ್ಲವೂ ‘ಅತ್ಯುತ್ತಮ’. ಎಲ್ಲವೂ ‘ಪ್ರತಿಯೊಬ್ಬರ ಬಳಿ ಇರಲೇಬೇಕು’.

ನನ್ನ ತಕರಾರು ಇರುವುದು ಇಲ್ಲೇ. ಹದಿನಾಲ್ಕೂ ಅತ್ಯುತ್ತಮ ಅಂದರೆ ಓದುಗ ಯಾವುದಕ್ಕೆ ದುಡ್ಡು ಕೊಡಬೇಕು? ನೀವು ಕಳಿಸಿರುವುದು ದಿನಸಿ ಚೀಟಿ ಥರ ಇದೆ. ಹದಿಮೂರನ್ನು ಪಕ್ಕಕ್ಕಿಟ್ಟು, ಯಾಕೆ ಇಟ್ಟೆ ಅಂತ ಹೇಳಿದ್ದರೆ ಅದು ಲೇಖನ ಆಗುತ್ತಿತ್ತು. ಯಾರಿಗೆ ಹೇಳುತ್ತಿದ್ದೀರಿ ಅನ್ನೋದೂ ಗೊತ್ತಾಗುವುದಿಲ್ಲ. ನಿಮ್ಮ ಒಂಬತ್ತನೇ ಕ್ಲಾಸಿನ ಮಕ್ಕಳಿಗಾ, ಮೈಸೂರಿನ ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಬೆಳಿಗ್ಗೆ ವಾಕಿಂಗ್ ಬರುವ ನಿವೃತ್ತರಿಗಾ, ವರ್ಷಕ್ಕೊಮ್ಮೆ ರಂಗನತಿಟ್ಟಿಗೆ ಹೋಗಿ ಬರುವ ಸಂಸಾರಕ್ಕಾ? ಈ ಮೂವರಿಗೂ ಒಂದೇ ದುರ್ಬೀನು ಆಗಿಬರುವುದಿಲ್ಲ. ಮೂರನೆಯವರಿಗೆ ಬಹುಶಃ ಬೇಡವೇ ಬೇಡ.

ಮೊದಲು ದುರ್ಬೀನಿನ ವಿಷಯ. ತಪ್ಪು ಜಾಸ್ತಿ ಇರುವುದು ಅಲ್ಲೇ, ಓದುಗರ ದುಡ್ಡು ಹೋಗುವುದೂ ಅಲ್ಲೇ.

‘ಎಷ್ಟು ಪಟ್ಟು ದೊಡ್ಡದಾಗಿ ತೋರಿಸಿದರೆ ಅಷ್ಟು ಒಳ್ಳೆಯದು’ ಅಂತ ಬರೆದಿದ್ದೀರಿ. ಆದರೆ ನಾಲ್ಕನೇ ಪುಟದ ತುದಿಯಲ್ಲಿ ನಿಮ್ಮದೇ ಅನುಭವ ಇದಕ್ಕೆ ಉಲ್ಟಾ ಹೇಳುತ್ತಿದೆ. ಶಾಲೆಗೆ ಅಂತ ಆನ್‌ಲೈನಿನಲ್ಲಿ ತರಿಸಿದ ದುರ್ಬೀನಿನ ಡಬ್ಬದ ಮೇಲೆ 180×100 ಅಂತ ಇತ್ತು. ಮಕ್ಕಳು ಅದರಲ್ಲಿ ನೋಡಿದರೆ ಹುಣಸೆಮರದ ಒಂದು ಕೊಂಬೆ ಎರಡಾಗಿ ಕಂಡಿತು, ಒಬ್ಬ ಹುಡುಗಿಗೆ ತಲೆನೋವು ಬಂತು. ಮೂರೇ ಸಾಲಿನಲ್ಲಿ ಇದನ್ನು ಮುಗಿಸಿ ಮತ್ತೆ ಪಟ್ಟಿಗೆ ಹೋಗಿಬಿಟ್ಟಿದ್ದೀರಿ. ಲೇಖನ ಶುರುವಾಗಬೇಕಾದದ್ದು ಆ ಡಬ್ಬದಿಂದ. ನೀವು ವಿಜ್ಞಾನದ ಮೇಷ್ಟ್ರು, ಲೆಕ್ಕವನ್ನೂ ಮಾಡಿ ತೋರಿಸಬಹುದಿತ್ತು.

ಲೆಕ್ಕ ಕಷ್ಟದ್ದಲ್ಲ. 8×42 ಅಂದರೆ 8 ಪಟ್ಟು ಹತ್ತಿರ ತೋರಿಸುತ್ತದೆ, ಮುಂದಿನ ಗಾಜಿನ ಅಗಲ 42 ಮಿಲಿಮೀಟರ್. 42ನ್ನು 8ರಿಂದ ಭಾಗಿಸಿದರೆ 5.25. ಕಣ್ಣಿನ ಕಡೆ ಬರುವ ಬೆಳಕಿನ ದುಂಡಿನ ಅಗಲ ಅಷ್ಟು ಮಿಲಿಮೀಟರ್. ನಡು ಹಗಲಲ್ಲಿ ನಮ್ಮ ಕಣ್ಣಿನ ಪಾಪೆ ಎರಡು ಮೂರು ಮಿಲಿಮೀಟರ್ ತೆರೆದಿರುತ್ತದೆ, ಮಬ್ಬು ಬೆಳಕಿನಲ್ಲಿ ಇನ್ನೂ ಅಗಲವಾಗುತ್ತದೆ. ಹಕ್ಕಿಗಳು ಚುರುಕಾಗಿರುವುದು ಬೆಳಿಗ್ಗೆ ಆ ಮಬ್ಬಿನಲ್ಲೇ ಅಲ್ವಾ? ಜೇಬಿಗೆ ಹಿಡಿಯುವ 10×25ರಲ್ಲಿ ಆ ದುಂಡು 2.5 ಮಾತ್ರ. ಮಧ್ಯಾಹ್ನ ಪರವಾಗಿಲ್ಲ, ಆರೂವರೆಗೆ ಹಕ್ಕಿಯ ಬದಲು ಬರೀ ನೆರಳು ಕಾಣುತ್ತದೆ. ಇನ್ನು ನಿಮ್ಮ 180×100. ಡಬ್ಬದ ಮೇಲಿನದು ನಿಜವೇ ಆಗಿದ್ದರೂ ಆ ದುಂಡು ಅರ್ಧ ಮಿಲಿಮೀಟರ್ ಚಿಲ್ಲರೆ ಆಗುತ್ತದೆ. 100 ಮಿಲಿಮೀಟರ್ ಗಾಜು ಅಂಗೈಯಲ್ಲಿ ಹಿಡಿಯುವ ದುರ್ಬೀನಿನಲ್ಲಿ ಎಲ್ಲಿಂದ ಬರಬೇಕು? ಅದರ ಮುಂದಿನ ಗಾಜಿಗೆ ಮಕ್ಕಳ ಕೈಲೇ ಸ್ಕೇಲ್ ಇಡಿಸಿ, ಎಷ್ಟು ಬಂತು ಅಂತ ಬರೆಯಿರಿ. ಒಂದು ಕೊಂಬೆ ಎರಡಾಗಿ ಕಂಡದ್ದಕ್ಕೆ ಕಾರಣ ಬೇರೆ. ಎರಡು ಕೊಳವೆಗಳು ಒಂದೇ ದಿಕ್ಕಿಗೆ ನೆಟ್ಟಗಿಲ್ಲ. ಅದನ್ನು ಮನೆಯಲ್ಲಿ ರಿಪೇರಿ ಮಾಡಲು ಹೋಗಬೇಡಿ.

ಪಟ್ಟು ಹೆಚ್ಚಾದರೆ ಹಕ್ಕಿಯ ಜೊತೆಗೆ ಕೈಯ ನಡುಕವೂ ದೊಡ್ಡದಾಗುತ್ತದೆ, ಕಾಣುವ ಜಾಗದ ಅಗಲ ಕಡಿಮೆಯಾಗುತ್ತದೆ. ಎಲೆ ಮಧ್ಯೆ ಜಿಗಿಯುವ ಸಿಂಪಿಗನನ್ನು ಹೊಸಬರು ಹುಡುಕುವ ಹೊತ್ತಿಗೆ ಅದು ಪಕ್ಕದ ಗಿಡಕ್ಕೆ ಹೋಗಿರುತ್ತದೆ. ಆದ್ದರಿಂದ ಮೊದಲ ದುರ್ಬೀನು 8×42 ಅಥವಾ 8×40 ಅಂತ ಧೈರ್ಯವಾಗಿ ಬರೆಯಿರಿ. ಕೈ ಗಟ್ಟಿ ಇರುವವರು, ಕೆರೆ ಬಯಲಲ್ಲೇ ಹೆಚ್ಚು ನೋಡುವವರು 10×42 ಕೊಳ್ಳಲಿ. ಝೂಮ್ ಇರುವ ದುರ್ಬೀನು ಯಾರಿಗೂ ಬೇಡ.

ಪೊರೊ, ರೂಫ್ ಎಂಬ ಎರಡು ಬಗೆ ಇವೆ ಅಂತ ಹೇಳಿ ಬಿಟ್ಟುಬಿಟ್ಟಿದ್ದೀರಿ. ಓದುಗನಿಗೆ ಬೇಕಾದದ್ದು ಅದರ ಮುಂದಿನ ಮಾತು. ಮುಂದಿನ ಗಾಜುಗಳು ಅಗಲಕ್ಕೆ ಕೂತ, ಹಳೇ ಕಾಲದ ಆಕಾರದ್ದು ಪೊರೊ. ನೇರ ಕೊಳವೆಯಂಥದ್ದು ರೂಫ್. ರೂಫ್ ಬಗೆಯಲ್ಲಿ ಒಳಗೆ ಬೆಳಕನ್ನು ತಿರುಗಿಸುವ ಗಾಜನ್ನು (ಪ್ರಿಸಂ) ಸರಿಯಾಗಿ ಮಾಡಲು ಖರ್ಚು ಜಾಸ್ತಿ. ಹಾಗಾಗಿ ಕಡಿಮೆ ದುಡ್ಡಿನಲ್ಲಿ ಪೊರೊದಲ್ಲೇ ಚಿತ್ರ ಚೆನ್ನಾಗಿ ಬರುತ್ತದೆ. ದುಡ್ಡು ಹೆಚ್ಚು ಹಾಕುವವರಿಗೆ ರೂಫ್ ಹಗುರ, ನೀರು ತಡೆಯುವಂಥದ್ದೂ ಸಿಗುತ್ತದೆ. ಕನ್ನಡಕದವರ ಬಗ್ಗೆ ನೀವು ಒಂದು ಸಾಲೂ ಬರೆದಿಲ್ಲ. ನಾನು ಕನ್ನಡಕದವನು, ಆದ್ದರಿಂದ ಇದು ಸ್ವಲ್ಪ ಸ್ವಾರ್ಥದ ಮಾತು. ಐ ರಿಲೀಫ್, ಅಂದರೆ ಪೂರ್ತಿ ಚಿತ್ರ ಕಾಣುವಂತೆ ಕಣ್ಣನ್ನು ಗಾಜಿನಿಂದ ಎಷ್ಟು ದೂರ ಇಡಬಹುದು ಅನ್ನೋದು, 15 ಮಿಲಿಮೀಟರಿಗಿಂತ ಕಡಿಮೆ ಇದ್ದರೆ ನಮ್ಮಂಥವರಿಗೆ ಚಿತ್ರದ ಅಂಚು ಕಾಣುವುದೇ ಇಲ್ಲ. ಕಣ್ಣಿನ ಬಳಿಯ ರಬ್ಬರ್ ಬಟ್ಟಲನ್ನು ಒಳಕ್ಕೆ ತಿರುಗಿಸಿಕೊಂಡು ನೋಡಬೇಕು ಅಂತಲೂ ಎಷ್ಟೋ ಜನಕ್ಕೆ ಗೊತ್ತಿಲ್ಲ.

ಇನ್ನೊಂದು ಇದಕ್ಕಿಂತ ಮುಖ್ಯ. ‘ಮಸುಕು ಮಸುಕು’ ಅಂತ ದೂರುವ ಬಹಳಷ್ಟು ದುರ್ಬೀನುಗಳಲ್ಲಿ ದೋಷವೇ ಇರುವುದಿಲ್ಲ, ಬಲಗಣ್ಣು ಇಡುವ ಗಾಜಿನ ಸುತ್ತ ತಿರುಗುವ ಬಳೆಯನ್ನು ಯಾರೂ ಸರಿ ಮಾಡಿರುವುದಿಲ್ಲ ಅಷ್ಟೇ. ದೂರದ ಬೋರ್ಡೊಂದನ್ನು ನೋಡಿ. ಬಲಗಣ್ಣು ಮುಚ್ಚಿ, ನಡುವಿನ ಚಕ್ರ ತಿರುಗಿಸಿ ಎಡಗಣ್ಣಿಗೆ ಅಕ್ಷರ ಸ್ಪಷ್ಟವಾಗುವಂತೆ ಮಾಡಿ. ಆಮೇಲೆ ಎಡಗಣ್ಣು ಮುಚ್ಚಿ, ಚಕ್ರ ಮುಟ್ಟದೆ, ಬಲಗಡೆಯ ಬಳೆ ಮಾತ್ರ ತಿರುಗಿಸಿ. ಆ ಗುರುತನ್ನು ನೆನಪಿಟ್ಟುಕೊಳ್ಳಬೇಕು. ಒಂದೇ ದುರ್ಬೀನು ಮೂವತ್ತು ಮಕ್ಕಳ ಕೈಯಲ್ಲಿ ಓಡಾಡುವ ಶಾಲೆಯಲ್ಲಿ ಇದನ್ನು ಹೇಗೆ ನಿಭಾಯಿಸುತ್ತೀರಿ? ಅದನ್ನು ಬರೆಯಿರಿ. ನಾನು ಎಲ್ಲೂ ಓದಿಲ್ಲ. ಮಳೆಗಾಲದಲ್ಲಿ ಗಾಜಿಗೆ ಬೂಷ್ಟು ಹಿಡಿಯದಂತೆ ಸಿಲಿಕಾ ಜೆಲ್ ಹಾಕಿದ ಬಿಗಿ ಡಬ್ಬದಲ್ಲಿ ಇಡಬೇಕು, ದುರ್ಬೀನಿನಿಂದ ಸೂರ್ಯನನ್ನು ಯಾವತ್ತೂ ನೋಡಕೂಡದು. ಮಕ್ಕಳ ಕೈಗೆ ಕೊಡುವವರಿಗೆ ಇವೆರಡನ್ನು ಹೇಳದೆ ಬಿಡಬೇಡಿ.

ಜಾಗಗಳ ವಿಷಯಕ್ಕೆ ಬರೋಣ. ನಿಮ್ಮ ಲೇಖನವನ್ನು ಜೈಪುರದಲ್ಲಿ ಕೂತೂ ಬರೆಯಬಹುದಿತ್ತು. ಮಂಡ್ಯದಲ್ಲಿ ಇರುವವರು ಹೀಗೆ ಬರೆದರೆ ಬೇಜಾರಾಗುತ್ತದೆ. ಕೊಕ್ಕರೆ ಬೆಳ್ಳೂರು ನಿಮ್ಮ ತಾಲ್ಲೂಕಿನದೇ. ಅಲ್ಲಿ ಬಣ್ಣದ ಕೊಕ್ಕರೆ, ಹೆಜ್ಜಾರ್ಲೆಗಳು (ಪೆಲಿಕನ್) ಊರೊಳಗಿನ ಹುಣಸೆಮರದಲ್ಲೇ ಗೂಡು ಕಟ್ಟುತ್ತವೆ. ನಿಂತ ಕಡೆ ತಲೆ ಎತ್ತಿದರೆ ಸಾಕು, ಹೆಜ್ಜಾರ್ಲೆ ಮರಿಗಳು ತಾಯಿಯ ಗಂಟಲೊಳಕ್ಕೆ ಕೊಕ್ಕು ಹಾಕುವುದು ಬರಿಗಣ್ಣಿಗೇ ಕಾಣುತ್ತದೆ. ಅಲ್ಲಿಗೆ ದುಬಾರಿ ದುರ್ಬೀನು ಯಾಕೆ? ರಂಗನತಿಟ್ಟಿನಲ್ಲಿ ದೋಣಿ ಅಲ್ಲಾಡುತ್ತದೆ, ಹಕ್ಕಿ ಹತ್ತಿರ ಇರುತ್ತದೆ. ಅಲ್ಲಿ 8 ಪಟ್ಟೇ ಸಾಕಷ್ಟಾಯಿತು, ಟ್ರೈಪಾಡ್ ಮೇಲಿಟ್ಟು ಒಂದೇ ಕಣ್ಣಲ್ಲಿ ನೋಡುವ ಸ್ಪಾಟಿಂಗ್ ಸ್ಕೋಪು ಸುಮ್ನೆ ಭಾರ. ಅದೇ ಸ್ಕೋಪು ಚಳಿಗಾಲದಲ್ಲಿ ನಂಜನಗೂಡು ತಾಲ್ಲೂಕಿನ ಹದಿನಾರು ಕೆರೆ ದಡದಲ್ಲಿ ಬೇಕೇ ಬೇಕು ಅನ್ನಿಸುತ್ತದೆ. ಹಿಮಾಲಯ ದಾಟಿ ಬಂದ ಪಟ್ಟೆತಲೆ ಹೆಬ್ಬಾತುಗಳು ದೂರದ ನೀರಿನಲ್ಲಿ ಕೂತಿರುತ್ತವೆ. ಹತ್ತಿರ ಹೋದರೆ ಇಡೀ ಹಿಂಡು ಎದ್ದುಬಿಡುತ್ತದೆ. ಸ್ಕೋಪಿನಲ್ಲಿ 20 ಪಟ್ಟಿನಿಂದ ಶುರು ಮಾಡಿ ಅಂತಲೂ ಹೇಳಿ. ಬಿಸಿಲೇರಿದ ಮೇಲೆ 60 ಪಟ್ಟಿಗೆ ಹೋದರೆ ನೀರಿನ ಮೇಲಿನ ಬಿಸಿಗಾಳಿಯ ಕುಣಿತ ಕಾಣುತ್ತದೆ, ಹಕ್ಕಿ ಅಲ್ಲ. ಹೀಗೆ ಜಾಗ ಹಿಡಿದು ಬರೆದರೆ ಹದಿನಾಲ್ಕು ಹೆಸರು ತಾವೇ ಎರಡು ಮೂರಕ್ಕೆ ಇಳಿಯುತ್ತವೆ.

ರಂಗನತಿಟ್ಟು ಅಂದಾಗ ಒಂದು ತಿದ್ದುಪಡಿ. ‘1940ರಲ್ಲಿ ಸಲೀಂ ಅಲಿ ಸ್ಥಾಪಿಸಿದರು’ ಅಂತ ಬರೆದಿದ್ದೀರಿ. ಪಕ್ಷಿತಜ್ಞರಾಗಿ ಅವರು ಸಲಹೆ ಕೊಟ್ಟರು, ಪಕ್ಷಿಧಾಮ ಅಂತ ಘೋಷಿಸಿದ್ದು ಆಗಿನ ಮೈಸೂರು ಸರ್ಕಾರ. 2022ರಲ್ಲಿ ಅದು ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿದ್ದನ್ನು ಬಿಟ್ಟಿದ್ದೀರಿ. ಮಳೆಗಾಲದಲ್ಲಿ ಕೆಆರ್‌ಎಸ್‌ನಿಂದ ನೀರು ಹೆಚ್ಚು ಬಿಟ್ಟಾಗ ದೋಣಿ ನಿಲ್ಲಿಸುತ್ತಾರೆ ಅನ್ನೋದು ಓದುಗನಿಗೆ ಈ ಎರಡಕ್ಕಿಂತಲೂ ಉಪಯೋಗದ ಮಾತು.

ಪುಸ್ತಕಗಳು. ಸಲೀಂ ಅಲಿ ಮತ್ತು ಡಿಲನ್ ರಿಪ್ಲಿ ಅವರ ಹತ್ತು ಸಂಪುಟಗಳ ಕೈಪಿಡಿಯನ್ನು ‘ಹೊಸಬರ ಮೊದಲ ಪುಸ್ತಕ’ ಅಂದಿದ್ದೀರಿ. ಮೇಷ್ಟ್ರೇ, ಹತ್ತು ಸಂಪುಟ! 1968ರಿಂದ 1974ರವರೆಗೆ ಬಂದ ಅದು ದೊಡ್ಡ ಕೆಲಸ, ಲೈಬ್ರರಿಯಲ್ಲಿ ಕೂತು ಓದುವಂಥದ್ದು. ಚೀಲದಲ್ಲಿ ಹಾಕಿಕೊಂಡು ನಾಲೆ ದಂಡೆಗೆ ಹೋಗಲಾಗುವುದಿಲ್ಲ. ಅವರದೇ 1941ರ ‘ದಿ ಬುಕ್ ಆಫ್ ಇಂಡಿಯನ್ ಬರ್ಡ್ಸ್’ ಹೊಸಬರಿಗೆ ಆಗುತ್ತದೆ. ಹಳೇ ಪ್ರತಿ ಸಿಕ್ಕರೆ ಇಂಗ್ಲಿಷ್ ಹೆಸರು ಕೆಲವು ಈಗಿನದಕ್ಕೆ ಹೊಂದುವುದಿಲ್ಲ ಅಂತ ಎಚ್ಚರಿಸಿ. ಗುರುತಿಸಲು ಗ್ರಿಮ್ಮೆಟ್ ಮತ್ತು ಇನ್ಸ್‌ಕಿಪ್ ದಂಪತಿಯ ಕೈಪಿಡಿ ಒಳ್ಳೆಯದು. ಆದರೆ ಅದರಲ್ಲಿ ಇಡೀ ಉಪಖಂಡದ ಹಕ್ಕಿಗಳಿವೆ, ನಮ್ಮ ಕಡೆ ಕಾಣುವುದು ಅದರಲ್ಲಿ ಒಂದು ಪಾಲು. ಹೊಸಬ ಹಾಳೆ ತಿರುವುತ್ತಾ ಅಸ್ಸಾಮಿನ ಹಕ್ಕಿಯನ್ನು ಮಂಡ್ಯದಲ್ಲಿ ಕಂಡುಬಿಡುತ್ತಾನೆ. ಪಕ್ಕದಲ್ಲಿರುವ ಪುಟ್ಟ ನಕ್ಷೆಯನ್ನು ಮೊದಲು ನೋಡಿ ಅಂತ ಒಂದು ಮಾತು ಹಾಕಿದರೆ ಸಾಕು.

ಫೋಟೋ ಇರುವ ಪುಸ್ತಕವೇ ಮೇಲು ಅಂದಿದ್ದೀರಿ. ನಾನು ಒಪ್ಪುವುದಿಲ್ಲ. ಫೋಟೋದಲ್ಲಿ ಕಾಣುವುದು ಒಂದು ಹಕ್ಕಿ, ಒಂದು ದಿನದ ಬೆಳಕು. ಚಿತ್ರ ಬರೆದವರು ಗಂಡು, ಹೆಣ್ಣು, ಮರಿ ಎಲ್ಲವನ್ನೂ ಒಂದೇ ಭಂಗಿಯಲ್ಲಿ ಪಕ್ಕಪಕ್ಕ ಇಟ್ಟು, ವ್ಯತ್ಯಾಸ ಎಲ್ಲಿದೆಯೋ ಅಲ್ಲಿ ಕಣ್ಣು ನಿಲ್ಲುವಂತೆ ಮಾಡಿರುತ್ತಾರೆ. ಚಳಿಗಾಲದಲ್ಲಿ ಬರುವ, ಒಂದರಂತೆ ಇನ್ನೊಂದು ಕಾಣುವ ಉಲಿಯಕ್ಕಿಗಳನ್ನು (ವಾರ್ಬ್ಲರ್) ಬಿಡಿಸಿಕೊಳ್ಳಲು ಹೋದಾಗ ಇದರ ಬೆಲೆ ಗೊತ್ತಾಗುತ್ತದೆ. ನಿಮಗೆ ಬೇರೆ ಅಭಿಪ್ರಾಯ ಇದ್ದರೆ ಇರಲಿ, ಕಾರಣ ಕೊಡಿ.

ಕನ್ನಡದ ಒಂದು ಪುಸ್ತಕವೂ ನಿಮ್ಮ ಹನ್ನೊಂದರಲ್ಲಿ ಇಲ್ಲ. ತೇಜಸ್ವಿಯವರ ‘ಹಕ್ಕಿಪುಕ್ಕ’ ಹೇಗೆ ಬಿಟ್ಟುಹೋಯಿತು? ಕೈಪಿಡಿಯಾಗಿ ಅದಕ್ಕೆ ಮಿತಿ ಇದೆ ಅನ್ನಿ, ಆದರೆ ಕನ್ನಡ ಮಾಧ್ಯಮದ ಮಕ್ಕಳಿಗೆ ಮೊದಲು ಕೊಡಬೇಕಾದದ್ದು ಅದೇ ಅಲ್ವಾ? ಮೈಸೂರಿನಲ್ಲೇ ಇರುವ ನೇಚರ್ ಕನ್ಸರ್ವೇಶನ್ ಫೌಂಡೇಶನ್‌ನ ‘ಅರ್ಲಿ ಬರ್ಡ್’ ಯೋಜನೆ ಶಾಲಾ ಮಕ್ಕಳಿಗಾಗಿ ಕನ್ನಡದಲ್ಲೂ ಸಾಮಗ್ರಿ ತಂದಿದೆ. 2014ರಿಂದ 2016ರವರೆಗೆ ಹವ್ಯಾಸಿಗಳು ಮೈಸೂರನ್ನು ಚೌಕ ಚೌಕವಾಗಿ ಹಂಚಿಕೊಂಡು ಹಕ್ಕಿ ಎಣಿಸಿ ನಗರಕ್ಕೇ ಒಂದು ಪಕ್ಷಿ ಅಟ್ಲಾಸ್ ಮಾಡಿದರು. ಪಕ್ಕದ ಜಿಲ್ಲೆಯವರಾಗಿ ಇವೆರಡನ್ನೂ ಬಿಟ್ಟು ಅಮೆರಿಕದ ಹಿತ್ತಲ ಹಕ್ಕಿಗಳ ಪುಸ್ತಕ ಸೂಚಿಸಿದ್ದೀರಿ. ಅದನ್ನು ಹೊಡೆದುಹಾಕಿ. ಮರ್ಲಿನ್ ಆ್ಯಪ್ ಬಗ್ಗೆ ಬರೆದದ್ದು ಸರಿಯಾಗಿದೆ. ದುಡ್ಡು ಕೊಡಬೇಕಿಲ್ಲ, ಕೂಗು ಕೇಳಿ ಹೆಸರು ಹೇಳುತ್ತದೆ. ಫೋನು ಹೇಳಿದ ಮೇಲೂ ಹಕ್ಕಿಯನ್ನು ಕಣ್ಣಿಂದ ಹುಡುಕಿ ಅಂತ ಸೇರಿಸಿ.

ಆದರೆ ‘ಫೋನಿನಲ್ಲಿ ಕೂಗು ಹಾಕಿ ಹಕ್ಕಿಯನ್ನು ಹತ್ತಿರ ಕರೆಯಿರಿ’ ಎಂಬ ಪ್ಯಾರಾ ಪೂರ್ತಿ ಬೇಡ. ಇದು ಚರ್ಚೆಯ ವಿಷಯವೇ ಅಲ್ಲ. ಗೂಡು ಕಟ್ಟುವ ಕಾಲದಲ್ಲಿ ತನ್ನ ಜಾಗಕ್ಕೆ ಬೇರೆ ಗಂಡು ಬಂತು ಅಂದುಕೊಂಡು ಹಕ್ಕಿ ಮೇವು, ಮರಿ ಬಿಟ್ಟು ಕಾದಾಟಕ್ಕೆ ಬರುತ್ತದೆ.

ಸಿನಿಮಾಗಳಲ್ಲಿ ಎರಡು ಮೂರು ಉಳಿಸಿ. 2001ರ ‘ವಿಂಗ್ಡ್ ಮೈಗ್ರೇಶನ್’ ಬಗ್ಗೆ ‘ಕಾಡುಹಕ್ಕಿಗಳ ಸಹಜ ಚಿತ್ರಣ’ ಅಂದಿದ್ದೀರಿ. ಅದರಲ್ಲಿ ಕ್ಯಾಮೆರಾದ ಪಕ್ಕಪಕ್ಕದಲ್ಲೇ ಹಾರುವ ಹಕ್ಕಿಗಳಲ್ಲಿ ಬಹಳಷ್ಟು ಮರಿಯಿಂದ ಮನುಷ್ಯರ ಕೈಯಲ್ಲೇ ಬೆಳೆದು ಅವರ ಹಿಂದೆ ಬರಲು ಕಲಿತವು. ನೋಡಲು ಚೆಂದವೇ, ಆದರೆ ಮಕ್ಕಳು ಕೇಳಿದರೆ ನೀವು ನಿಜ ಹೇಳಬೇಕಾಗುತ್ತದೆ. 1998ರ ‘ದಿ ಲೈಫ್ ಆಫ್ ಬರ್ಡ್ಸ್’ ಹತ್ತು ಕಂತು, ತರಗತಿಗೆ ಹೊಂದುತ್ತದೆ. ಗಾಯಗೊಂಡ ಹದ್ದುಗಳನ್ನು ಆರೈಕೆ ಮಾಡುವ ದೆಹಲಿಯ ಅಣ್ಣತಮ್ಮಂದಿರ ಬಗ್ಗೆ 2022ರಲ್ಲಿ ಬಂದ ‘ಆಲ್ ದಟ್ ಬ್ರೀದ್ಸ್’ ದೊಡ್ಡವರಿಗೆ. ಉಳಿದ ಆರರ ಬಗ್ಗೆ ನಿಮಗೇ ಹೇಳಲು ಏನೂ ಇಲ್ಲ ಅಂತ ಓದಿದರೆ ಗೊತ್ತಾಗುತ್ತದೆ.

ಭಾಷೆ ಬಗ್ಗೆ ಸ್ವಲ್ಪ. ‘ಪಕ್ಷಿ ವೀಕ್ಷಣೆಯು ಮಾನವನ ಜೀವನದಲ್ಲಿ ಮಹತ್ತರ ಪಾತ್ರ ವಹಿಸುತ್ತದೆ’ ಎಂಬ ಮೊದಲ ಪುಟವನ್ನು ನಾನೇ ತೆಗೆಯುತ್ತೇನೆ. ತರಗತಿಯಲ್ಲಿ ನೀವು ಹೀಗೆ ಮಾತಾಡುವುದಿಲ್ಲ ಅಂತ ನಂಬಿದ್ದೇನೆ. ಡಬ್ಬದ ಬಗ್ಗೆ ಬರೆದ ಮೂರು ಸಾಲು ಬೇರೆಯೇ ಧಾಟಿಯಲ್ಲಿವೆ. ಆ ಧಾಟಿಯಲ್ಲಿ ಉಳಿದದ್ದನ್ನೂ ಬರೆಯಿರಿ.

ಹೊಸ ಪ್ರತಿ 1,200 ಪದ ದಾಟದಿರಲಿ. ದುರ್ಬೀನಿನ ಬೆಲೆ ಹಾಕಿದ ಕಡೆ ಯಾವ ತಿಂಗಳ ಬೆಲೆ ಅಂತ ನಮೂದಿಸಿ. ನೀವು ಕೈಯಲ್ಲಿ ಹಿಡಿದು ನೋಡದ ದುರ್ಬೀನಿನ ಹೆಸರು ಬೇಡ. ಹೆಬ್ಬಾತುಗಳು ಇಲ್ಲಿರುವಾಗಲೇ ಪ್ರಕಟವಾಗಬೇಕೆಂದರೆ ನವೆಂಬರ್ ಒಳಗೆ ಕಳಿಸಿ, ಡಿಸೆಂಬರ್ ಸಂಚಿಕೆಗೆ ತೆಗೆದುಕೊಳ್ಳುತ್ತೇನೆ. ಜೊತೆಗೆ ಕಳಿಸಿದ ಆರು ಫೋಟೋಗಳಲ್ಲಿ ಮಕ್ಕಳು ಸಾಲಾಗಿ ನಿಂತು ಮೇಲೆ ನೋಡುತ್ತಿರುವುದನ್ನು ಇಟ್ಟುಕೊಂಡಿದ್ದೇನೆ, ಅವರ ಮನೆಯವರ ಒಪ್ಪಿಗೆ ಪತ್ರ ಬೇಕು. ಗೂಡಿನ ಬಾಯಿಗೆ ಕ್ಯಾಮೆರಾ ಹಿಡಿದು ತೆಗೆದ ಎರಡು ಫೋಟೋಗಳನ್ನು ನಾವು ಹಾಕುವುದಿಲ್ಲ.