ರೋಮಾ 13 ಅಂದ್ರೆ ಬಾಯಿ ಮುಚ್ಕೊಂಡಿರೋದಾ?

ಬ್ರದರ್, ನಿಮ್ಮ ಪಾಸ್ಟರ್ ರೋಮಾ 13, ಅಂದ್ರೆ ಬೈಬಲ್‌ನಲ್ಲಿ ಅಪೊಸ್ತಲ ಪೌಲ ರೋಮಾಪುರದವರಿಗೆ ಬರ್ದ ಪತ್ರದ 13ನೇ ಅಧ್ಯಾಯ ಓದಿ "ವಿಶ್ವಾಸಿಗಳು ಸರ್ಕಾರನ ಪ್ರಶ್ನೆ ಮಾಡ್ಬಾರ್ದು, ಮನವಿ ಕೊಡೋಕೂ ಹೋಗ್ಬಾರ್ದು" ಅಂದ್ರು, ಸರೀನಾ ಅಂತ ಕೇಳಿದೀರಲ್ಲ, ನನ್ನ ಪ್ರಕಾರ ಅರ್ಧ ಸರಿ. ತೆರಿಗೆ ಕಟ್ಟಿ, ಅಧಿಕಾರಿಗಳಿಗೆ ಮರ್ಯಾದೆ ಕೊಡಿ ಅಂತ ಪೌಲ ಬರ್ದಿರೋದು ನಿಜ. ಆದ್ರೆ ಅದೇ ಪೌಲ ಫಿಲಿಪ್ಪಿ ಪಟ್ಟಣದಲ್ಲಿ ಏನ್ ಮಾಡ್ದ ನೋಡಿ, ಅಪೊಸ್ತಲರ ಕೃತ್ಯಗಳು 16ರಲ್ಲಿದೆ, ವಿಚಾರಣೆ ಇಲ್ದೆ ಹೊಡೆಸಿ ಜೈಲಿಗೆ ಹಾಕಿ ಬೆಳಗಾದ್ಮೇಲೆ ಸದ್ದಿಲ್ದೆ ಹೊರಟೋಗಿ ಅಂದ್ರೆ ಈತ ಜಪ್ಪಯ್ಯ ಅಂದ್ರೂ ಕದಲ್ಲಿಲ್ಲ, ನಾವು ರೋಮ್ ಪ್ರಜೆಗಳು, ವಿಚಾರಣೆ ಇಲ್ದೆ ನಮ್ಮನ್ನ ಹೊಡೆಯೋ ಹಾಗಿಲ್ಲ, ಅಧಿಕಾರಿಗಳೇ ಬಂದು ಕರ್ಕೊಂಡು ಹೋಗ್ಲಿ ಅಂದ, ಅವ್ರು ಹೆದರ್ಕೊಂಡು ಬಂದು ಬೇಡ್ಕೊಂಡ್ರು!

ಹಿಟ್ಲರ್ ಕಾಲದಲ್ಲೂ ಜರ್ಮನಿಯ ಎಷ್ಟೋ ಕ್ರೈಸ್ತರು ಇದೇ ರೋಮಾ 13 ಹಿಡ್ಕೊಂಡು ಸುಮ್ನಿದ್ರು. 1934ರ ಮೇನಲ್ಲಿ ಬಾರ್ಮೆನ್ ಅನ್ನೋ ಜರ್ಮನ್ ಊರಲ್ಲಿ ಸೇರಿದ ಕ್ರೈಸ್ತರು ಮಾತ್ರ ಚರ್ಚ್‌ಗೆ ಕ್ರಿಸ್ತನೊಬ್ಬನೇ ಒಡೆಯ ಅಂತ ಘೋಷಣೆ ಹೊರಡಿಸಿದ್ರು, ಬಹುಪಾಲು ಬರ್ದಿದ್ದು ದೈವಶಾಸ್ತ್ರದ ಪಂಡಿತ ಕಾರ್ಲ್ ಬಾರ್ತ್. (ಅದ್ರಲ್ಲೂ ಯೆಹೂದ್ಯರ ಬಗ್ಗೆ ಒಂದ್ ಮಾತಿಲ್ಲ, ಅದು ನಂಗಿನ್ನೂ ಚುಚ್ಚುತ್ತೆ.)

ಮನವಿ ಕೊಡೋದು ದಂಗೆ ಅಲ್ಲ ಬ್ರದರ್. ಪಾಸ್ಟರ್ ಹತ್ರ ಎಲ್ರ ಮುಂದೆ ವಾದಕ್ಕಿಳೀಬೇಡಿ, ಆರಾಧನೆ ಮುಗಿದ್ಮೇಲೆ ಒಬ್ರೇ ಹೋಗಿ ಅಪೊಸ್ತಲರ ಕೃತ್ಯಗಳು 16:37 ತೆಗ್ದು ತೋರ್ಸಿ, ಏನಂತಾರೆ ನೋಡಿ.